ಹಣ್ಣಿನ ಸಾಲ್ಸಾ: ಕೋಸಂಬರಿಯ ದೂರದ ನೆಂಟ

ಬ್ರೂಕ್‌ಫೀಲ್ಡ್‌ನ ಹೋಟೆಲುಗಳಲ್ಲಿ ರುಚಿ ನೋಡಿದ ಮಕ್ಕಳು ಮನೆಯಲ್ಲೂ ಸಾಲ್ಸಾ ಬೇಕೆಂದು ಹಟ ಹಿಡಿದರೆ ತಾಯಂದಿರು ಗಾಬರಿಯಾಗಬೇಕಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಸಾಲ್ಸಾ ಎಂದರೆ ಸಾಸ್. ಮೆಕ್ಸಿಕೋದಿಂದ ಬಂದ ಈ ತಿನಿಸು ನಮ್ಮ ಕೋಸಂಬರಿಯ ನೆಂಟನೇ ಸರಿ.

ಮೇ, ಜೂನ್‌ನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವು ಧಾರಾಳ. ಗಟ್ಟಿಯಾಗಿ ಹಣ್ಣಾದ ಒಂದು ಮಾವು, ಒಂದು ಬಟ್ಟಲು ಅನಾನಸ್, ಅರ್ಧ ಸೌತೆಕಾಯಿ ಸಣ್ಣಗೆ ಹೆಚ್ಚಿ. ಹೆಚ್ಚಿದ ಒಂದು ಸಣ್ಣ ಈರುಳ್ಳಿಯನ್ನು ತಣ್ಣೀರಿನಲ್ಲಿ ತೊಳೆದರೆ ಘಾಟು ಇಳಿಯುತ್ತದೆ. ಒಂದು ಹಸಿಮೆಣಸು, ಕೊತ್ತಂಬರಿ, ಪುದೀನ, ಅರ್ಧ ನಿಂಬೆಯ ರಸ, ಕಾಲು ಚಮಚ ಉಪ್ಪು ಸೇರಿಸಿ 15 ನಿಮಿಷ ಬಿಡಿ. ಉಪ್ಪು ಹಣ್ಣಿನ ರಸ ಬಿಡಿಸುತ್ತದೆ. ಸಕ್ಕರೆ ಬೇಡ.

ಒಂದು ಎಚ್ಚರ: ಹೆಚ್ಚಿದ ಹಣ್ಣಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಹಣ್ಣನ್ನು ಹೆಚ್ಚುವ ಮೊದಲೇ ತೊಳೆಯಿರಿ. ಮಾಂಸ ಕತ್ತರಿಸಿದ ಚಾಕು, ಮಣೆ ಬಳಸಬೇಡಿ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಅಂದೇ ಮುಗಿಸಿ.

ಸಕ್ಕರೆ ಕಾಯಿಲೆಯವರು ಮಿತವಾಗಿ ತಿನ್ನಲಿ. ಸೋಸಿದ ಜ್ಯೂಸ್‌ನಲ್ಲಿ ಕಳೆದುಹೋಗುವ ನಾರು ಇದರಲ್ಲಿ ಉಳಿದಿರುತ್ತದೆ. ಕಬಾಬ್, ಚಪಾತಿಗೆ ಒಳ್ಳೆಯ ಜೊತೆ, ಇಫ್ತಾರ್‌ಗೂ ಹಿತ. ಬೇಕಾದಷ್ಟೇ ಮಾಡಿ, ಒಂದು ಬಟ್ಟಲು ಪಕ್ಕದ ಮನೆಗೂ ಕಳಿಸಿ.