ದೆಸಿದೇರಿಯೊ

ಇಟಾಲಿಯನ್ ನಿಘಂಟಿನಲ್ಲಿ ‘ದೆಸಿದೇರಿಯೊ’ ಎಂಬ ಶಬ್ದಕ್ಕೆ ಆಸೆ, ಬಯಕೆ, ಹಂಬಲ ಎಂಬ ಅರ್ಥಗಳು ದೊರೆಯುತ್ತವೆ. ಹಸಿದವನು ರೊಟ್ಟಿಗಾಗಿ ಪಡುವ ಆಸೆಯೂ ದೆಸಿದೇರಿಯೊ, ಪ್ರಣಯಿಯ ಬಯಕೆಯೂ ದೆಸಿದೇರಿಯೊ. ಇದರ ಮೂಲವಾದ ಲ್ಯಾಟಿನ್ನಿನ ‘ದೆಸಿದೇರಿಯುಂ’ ಮಾತ್ರ ಇಷ್ಟು ಹಗುರವಾದ ಶಬ್ದವಲ್ಲ. ಒಮ್ಮೆ ನಮ್ಮದಾಗಿದ್ದು ಈಗ ಇಲ್ಲವಾದುದಕ್ಕಾಗಿ, ಬಳಿಯಿದ್ದು ಈಗ ಅಗಲಿದವರಿಗಾಗಿ ಮನಸ್ಸು ಪಡುವ ಕೊರಗನ್ನು ರೋಮನರು ಬಹುಮಟ್ಟಿಗೆ ಆ ಹೆಸರಿನಿಂದ ಕರೆಯುತ್ತಿದ್ದರು.

ಇದಕ್ಕೆ ಜೂಲಿಯಸ್ ಸೀಜರನ ಬರೆಹವೇ ಸಾಕ್ಷಿ. ಕ್ರಿ. ಪೂ. 52ರಲ್ಲಿ ಗಾಲ್ ದೇಶದ ಗೆರ್ಗೋವಿಯದಲ್ಲಿ ಅವನ ಸೈನ್ಯ ಪೆಟ್ಟು ತಿಂದಿತು. ಆ ದಿನ 700ಕ್ಕೆ ತುಸು ಕಡಿಮೆ ಸೈನಿಕರು ‘ದೆಸಿದೆರಾತಿ’ ಆದರೆಂದು ಅವನು ಬರೆಯುತ್ತಾನೆ. ಎಂದರೆ, ಎಣಿಸುವಾಗ ಇಲ್ಲವೆಂದು ಕಂಡುಬಂದರು. ಇದು ದಂಡಿನ ಲೆಕ್ಕದ ಮಾತು, ಕಣ್ಣೀರಿನದಲ್ಲ. ಆದರೂ ಹೆಸರು ಕೂಗಿದಾಗ ಓಗೊಡದವರ ಜಾಗ ಈ ಒಂದು ಶಬ್ದದಲ್ಲಿ ಬರಿದಾಗಿ ಕಾಣುತ್ತದೆ.

ಇನ್ನು ವ್ಯುತ್ಪತ್ತಿ. ‘ಸೀದುಸ್’ ಎಂದರೆ ನಕ್ಷತ್ರ. ‘ದೆ’ ಎಂದರೆ ‘ಇಂದ’. ನಕ್ಷತ್ರಗಳಿಂದ ಏನನ್ನೋ ನಿರೀಕ್ಷಿಸುವುದೋ, ನಕ್ಷತ್ರಗಳು ಕಾಣದೆ ಕಂಗೆಡುವುದೋ, ಪಂಡಿತರಲ್ಲಿ ಒಮ್ಮತವಿಲ್ಲ. ಇಂಗ್ಲಿಷಿನ ‘ಕನ್ಸಿಡರ್’ ಕೂಡ ಇದೇ ಮನೆತನದ್ದೆಂದು ಹೇಳುತ್ತಾರೆ. ಯುದ್ಧದಿಂದ ಮರಳದ ಗೆಳೆಯರಿಗಾಗಿ ಸೈನಿಕರು ನಕ್ಷತ್ರಗಳ ಕೆಳಗೆ ಕಾದರೆಂಬ ಕತೆಯೊಂದನ್ನು ಸೀಜರನ ಹೆಸರಿಗೆ ಕಟ್ಟಿದ್ದಾರೆ. ಕತೆ ಸೊಗಸಾಗಿದೆ, ಸೀಜರನ ಗ್ರಂಥದಲ್ಲಿ ಇಲ್ಲ! ನಮ್ಮ ‘ಉತ್ಕಂಠೆ’ಯಲ್ಲಿ ಕತ್ತೆತ್ತಿ ದಾರಿ ನೋಡುವ ಚಿತ್ರವಿರುವಂತೆ ಇಲ್ಲಿ ಬಾನಿನತ್ತ ನೋಡುವ ಚಿತ್ರವಿದೆ ಎಂದಷ್ಟೇ ಹೇಳಬಹುದು.

ಮಹಾಕವಿ ದಾಂತೆಯಲ್ಲಿ ಈ ಹಳೆಯ ಕೊರಗು ಮತ್ತೆ ಕೇಳಿಬರುತ್ತದೆ. ‘ಪುರ್ಗತೋರಿಯೊ’ದ ಎಂಟನೆಯ ಸರ್ಗದ ಮೊದಲಲ್ಲಿ, ಆಪ್ತರನ್ನು ಬೀಳ್ಕೊಂಡು ಹೊರಟ ನಾವಿಕರ ಮನಸ್ಸು ಸಂಜೆಯ ಹೊತ್ತಿಗೆ ಹಿಂದಿರುಗಿ ತುಡಿಯುವುದನ್ನು ಅವನು ಹೇಳುತ್ತಾನೆ. ಅಲ್ಲಿ ಅವನು ಬಳಸಿದ ‘ದಿಸಿಯೊ’ ಎಂಬ ಶಬ್ದಕ್ಕೂ ಇದೇ ಅರ್ಥ. ಅವನ ಮಹಾಕಾವ್ಯದ ಮೂರು ಭಾಗಗಳೂ ಮುಗಿಯುವುದು ‘ನಕ್ಷತ್ರಗಳು’ ಎಂಬ ಮಾತಿನಿಂದ. ಇದನ್ನು ಬರೆದವನು 1302ರಲ್ಲಿ ಫ್ಲಾರೆನ್ಸಿನಿಂದ ಗಡಿಪಾರಾದವನು. ಮತ್ತೆ ಊರ ಮುಖ ಕಾಣದೆ 1321ರಲ್ಲಿ ರಾವೆನ್ನದಲ್ಲಿ ತೀರಿಕೊಂಡ.

ಅವನನ್ನು ಹೊರದೂಡಿದ ಊರಿಗೇ ಮುಂದೆ ಅವನ ಹಂಬಲ ಹತ್ತಿತು. ಅಸ್ಥಿಗಳನ್ನು ಬೇಡಿದರು, ರಾವೆನ್ನದವರು ಕೊಡಲಿಲ್ಲ. 1829ರಲ್ಲಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನೊಳಗೆ ದಾಂತೆಗೆ ದೊಡ್ಡದೊಂದು ಗೋರಿಯನ್ನು ಕಟ್ಟಿಸಿದರು. ಅದು ಇಂದಿಗೂ ಬರಿದಾಗಿಯೇ ಇದೆ.