ನಿಂತ ಲಾರಿಗೆ ಬ್ಯಾಟರಿಯ ಚಿಂತೆ

ಪುಣೆಯಿಂದ ಮಚಲೀಪಟ್ಟಣದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯ ಹುಮನಾಬಾದನ್ನು ಮುಟ್ಟಿ, ಜಹೀರಾಬಾದ್ ದಾಟಿ ಹೈದರಾಬಾದಿಗೆ ಬರುತ್ತದೆ. ನಗರದ ಪೂರ್ವಕ್ಕೆ ಅದೇ ರಸ್ತೆ ದಿಲ್‌ಸುಖ್‌ನಗರದ ನಡುವೆ ಹಾದು ವಿಜಯವಾಡದ ದಾರಿ ಹಿಡಿಯುತ್ತದೆ. 2018ರ ಸೆಪ್ಟೆಂಬರಿನಿಂದ ಇಲ್ಲಿ ತಲೆಯ ಮೇಲೆ ಮೆಟ್ರೊ ಓಡುತ್ತಿದೆ. ಕೆಳಗೆ ಕೋಚಿಂಗ್ ಸೆಂಟರುಗಳ ಫಲಕಗಳು, ಹಾಸ್ಟೆಲುಗಳು. ಇದೇ ರಸ್ತೆಯಲ್ಲಿ ಇನ್ನಷ್ಟು ಪೂರ್ವಕ್ಕೆ ಹೋದರೆ ಲಾರಿ ರಿಪೇರಿಗೆ ಹೆಸರಾದ ಆಟೋನಗರ. ಹಳೇ ಟಾಟಾ, ಲೇಲ್ಯಾಂಡ್‌ಗಳನ್ನು ಹವ್ಯಾಸಕ್ಕೋ ಅಭಿಮಾನಕ್ಕೋ ಉಳಿಸಿಕೊಂಡವರು ಮತ್ತೆ ಮತ್ತೆ ಎದುರಿಸುವ ತೊಂದರೆ ಒಂದೇ: ಎಂಜಿನ್ ಗಟ್ಟಿಯಾಗಿದೆ, ಗೇರ್‌ಬಾಕ್ಸ್ ಸರಿಯಿದೆ, ಸೆಲ್ಫ್ ಮಾತ್ರ ಎತ್ತುತ್ತಿಲ್ಲ.

ಓಡುವ ಲಾರಿಯ ಬ್ಯಾಟರಿ ದುಡಿದು ಸವೆಯುತ್ತದೆ. ನಿಂತ ಲಾರಿಯ ಬ್ಯಾಟರಿ ದುಡಿಯದೆಯೇ ಸಾಯುತ್ತದೆ. ಸೀಸ ಮತ್ತು ಆಸಿಡ್‌ನ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೊ ಪ್ಲಾಂತೆ 1859ರಲ್ಲಿ ರೂಪಿಸಿದ; ಅದರ ರಸಾಯನ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಚಾರ್ಜ್ ಇಳಿದಾಗಲೆಲ್ಲ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಮರಳಿ ಕರಗುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಗಟ್ಟಿ ಹರಳಾಗಿ ಪ್ಲೇಟನ್ನು ಮುಚ್ಚಿಬಿಡುತ್ತದೆ. ಮೆಕ್ಯಾನಿಕ್ ‘ಪ್ಲೇಟು ಹೋಯ್ತು’ ಎನ್ನುವಾಗ ಹಲವು ಸಲ ಆಗಿರುವುದು ಇದೇ.

ಇದಕ್ಕೆ ಬಿಸಿಲು ಬೇರೆ. ಮೇ ತಿಂಗಳಲ್ಲಿ ಹೈದರಾಬಾದ್ 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಕಲಬುರಗಿ, ರಾಯಚೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಷ್ಣಾಂಶ ಸುಮಾರು 10 ಡಿಗ್ರಿ ಏರಿದಂತೆಲ್ಲ ಬ್ಯಾಟರಿ ತಾನಾಗಿ ಚಾರ್ಜ್ ಕಳೆದುಕೊಳ್ಳುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಯುರೋಪಿನ ಪುಸ್ತಕಗಳು ಚಳಿಗಾಲಕ್ಕೆ ಹೆದರಿಸುತ್ತವೆ. ದಖ್ಖನ್ನಿನ ಲಾರಿ ಮಾಲೀಕ ಹೆದರಬೇಕಾದದ್ದು ಬೇಸಿಗೆಗೆ.

ಹಾಗಾದರೆ ಯಾವ ಬ್ಯಾಟರಿ ತರಬೇಕು? ಅಂಗಡಿಗೆ ಹೋಗುವ ಮುನ್ನ ಲಾರಿಯ ಕೆಳಗೆ ನುಗ್ಗಿ ಸೆಲ್ಫ್ ಮೋಟರಿನ ಮೇಲಿನ ತಗಡಿನ ಪಟ್ಟಿ ನೋಡುವುದು ಒಳ್ಳೆಯದು. ಅಲ್ಲಿ 6 ಎಂದಿದೆಯೋ, 12 ಎಂದೋ, 24 ಎಂದೋ? ಅಮೆರಿಕದ ಫೋರ್ಡ್ 1956ರಲ್ಲಷ್ಟೇ 6 ವೋಲ್ಟ್ ಬಿಟ್ಟು 12ಕ್ಕೆ ಬಂದದ್ದು. ಆ ಕಾಲದ ಲಾರಿ ಕೈಗೆ ಬಂದರೆ ಇನ್ನೊಂದು ವಿಷಯವನ್ನೂ ಗಮನಿಸಬೇಕು: ಹಲವು ಹಳೇ ಅಮೆರಿಕನ್, ಬ್ರಿಟಿಷ್ ಗಾಡಿಗಳಲ್ಲಿ ಚಾಸಿಗೆ ಅರ್ತ್ ಆಗಿರುವುದು ಮೈನಸ್ ಅಲ್ಲ, ಪ್ಲಸ್. ರೂಢಿಯ ಮೇಲೆ ಕೇಬಲ್ ಜೋಡಿಸಿದ ಎಲೆಕ್ಟ್ರಿಷಿಯನ್ ಡೈನಮೊ, ಅದಕ್ಕೆ ಬ್ಯಾಟರಿಯ ಕರೆಂಟ್ ವಾಪಸ್ ಹರಿಯದಂತೆ ತಡೆಯುವ ಕಟೌಟ್ ಎರಡನ್ನೂ ಒಂದೇ ಏಟಿಗೆ ಸುಡಬಲ್ಲ. 6 ವೋಲ್ಟ್ ಗಾಡಿಯಲ್ಲಿ ಅಷ್ಟೇ ಶಕ್ತಿಗೆ ಎರಡು ಪಟ್ಟು ಕರೆಂಟ್ ಹರಿಯಬೇಕು. ಅದಕ್ಕೇ ಕೇಬಲ್ ದಪ್ಪ ಇರಲೇಬೇಕು. ‘ಬ್ಯಾಟರಿ ಸರಿಯಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ನಿಜವಾಗಿ ಸಣಕಲು ಕೇಬಲ್ಲಿನದು, ತುಕ್ಕು ಹಿಡಿದ ಅರ್ತ್ ಬೋಲ್ಟಿನದು.

ನಮ್ಮಲ್ಲಿ ಹೆಚ್ಚಾಗಿ ಸಿಗುವುದು 1954ರಲ್ಲಿ ಜಮ್ಶೆಡ್‌ಪುರದಲ್ಲಿ ಶುರುವಾದ ಟಾಟಾ ಮರ್ಸಿಡಿಸ್‌ನ ಸಂತತಿ, ಇಲ್ಲವೇ ಅಶೋಕ್ ಲೇಲ್ಯಾಂಡ್. ಇವು ಡೀಸೆಲ್ ಎಂಜಿನ್‌ಗಳು. ಕಿಡಿಯಿಲ್ಲದೆ ಬರೀ ಒತ್ತಡದಿಂದ ಡೀಸೆಲ್ ಹೊತ್ತಿಸಬೇಕಾದ್ದರಿಂದ ಸೆಲ್ಫ್ ಮೋಟರ್ ಒಮ್ಮೆಲೇ ನೂರಾರು ಆಂಪಿಯರ್ ಎಳೆಯುತ್ತದೆ. ಹೀಗಾಗಿ ಕಾರಿನ ಬ್ಯಾಟರಿಯಿಂದ ಕೆಲಸ ಸಾಗದು. ತಯಾರಕರು ಹೇಳಿದ ಆಂಪಿಯರ್-ಅವರ್‌ಗಿಂತ ಕಡಿಮೆಯದು ಬೇಡ. ತೀರಾ ದೊಡ್ಡದೂ ಬೇಡ: ತಿಂಗಳಿಗೊಮ್ಮೆ ಹತ್ತು ನಿಮಿಷ ಓಡುವ ಗಾಡಿಯ ಹಳೇ ಡೈನಮೊ ಅದನ್ನು ಎಂದೂ ಪೂರ್ತಿ ತುಂಬಿಸಲಾರದು.

ನೀರು ಹಾಕುವ ಮಾದರಿಯೋ, ನೀರೇ ಬೇಡದ ಸೀಲ್ಡ್ ಮಾದರಿಯೋ ಎಂಬುದು ಅಂಗಡಿಯವನ ಮೊದಲ ಪ್ರಶ್ನೆ. ತಿರುಪತಿ ಬಳಿಯ ಅಮರ ರಾಜ ಕಂಪನಿ 2000ದಲ್ಲಿ ಅಮರಾನ್ ತಂದ ಮೇಲೆ ನಿರ್ವಹಣೆ ಬೇಡದ ಬ್ಯಾಟರಿಯೆಂದರೆ ಜನರಿಗೆ ಒಲವು ಹೆಚ್ಚಿತು. ಹೊಸ ಗಾಡಿಗೆ ಅದೇ ಸರಿ. ಆದರೆ ಹಳೇ ಡೈನಮೊ, ಕಾಂಟ್ಯಾಕ್ಟ್ ಕುಣಿಯುವ ರೆಗ್ಯುಲೇಟರ್ ಇರುವ ಲಾರಿಗೆ ಬಿರಡೆ ತೆರೆಯುವ ಬ್ಯಾಟರಿಯೇ ವಾಸಿ. ರೆಗ್ಯುಲೇಟರ್ ಕೈಕೊಟ್ಟು ಅತಿ ಚಾರ್ಜ್ ಆದರೆ ಅದರಲ್ಲಿ ನೀರು ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತದೆ, ತುಂಬಿಸಲೂಬಹುದು. ಸೀಲ್ಡ್ ಬ್ಯಾಟರಿ ಒಳಗೊಳಗೇ ಒಣಗುತ್ತದೆ, ಹೊರಗೆ ಸುಳಿವು ಕೊಡುವುದಿಲ್ಲ.

ತುಂಬಿಸುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ ಅಲ್ಲ, ಬೋರ್‌ವೆಲ್ ನೀರಂತೂ ಅಲ್ಲವೇ ಅಲ್ಲ. ಅದರಲ್ಲಿನ ಕಬ್ಬಿಣ, ಕ್ಲೋರೈಡ್ ಪ್ಲೇಟುಗಳಿಗೆ ವಿಷ.

ಚಾರ್ಜಿಗೆ ಹಾಕುವ ಮೊದಲು ಅಳೆಯುವುದು ಜಾಣತನ. ಗಾಡಿ ಆರಿಸಿ ಕೆಲವು ಗಂಟೆ ಬಿಟ್ಟ ಮೇಲೆ 12 ವೋಲ್ಟ್ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ 12.6 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕೆ ಇಳಿದರೆ ಬಹುತೇಕ ಖಾಲಿ. ಹೈಡ್ರೋಮೀಟರ್ ಇನ್ನೂ ನಂಬಿಕೆಯ ಸಾಧನ, ಏಕೆಂದರೆ ಅದು ಒಂದೊಂದು ಸೆಲ್ಲಿನ ಸ್ಥಿತಿಯನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಐದು ಸೆಲ್ಲುಗಳಲ್ಲಿ ಆಸಿಡ್‌ನ ಸಾಂದ್ರತೆ 1.250 ಇದ್ದು ಆರನೆಯದರಲ್ಲಿ 1.150 ಬಂದರೆ, ಚಾರ್ಜರ್ ಎಷ್ಟು ಹೊತ್ತು ಹಚ್ಚಿದರೂ ಫಲ ಸಿಗುವುದು ಅನುಮಾನ.

ರಸ್ತೆ ಬದಿಯ ಕೆಲವು ಅಂಗಡಿಗಳ ‘ಫಾಸ್ಟ್ ಚಾರ್ಜ್’ ತುರ್ತಿಗೆ ಸರಿ, ಅಭ್ಯಾಸಕ್ಕೆ ಅಲ್ಲ. ಸಾಮರ್ಥ್ಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕರೆಂಟ್ ಬೇಡ: 100 ಆಂಪಿಯರ್-ಅವರ್ ಬ್ಯಾಟರಿಗೆ 10 ಆಂಪಿಯರ್. ಲೆಕ್ಕದ ಪ್ರಕಾರ ಅರ್ಧ ಖಾಲಿಯಾದದ್ದು ಐದು ಗಂಟೆಯಲ್ಲಿ ತುಂಬಬೇಕು. ಕೊನೆಯ ಹಂತದಲ್ಲಿ ಕರೆಂಟ್ ಇಳಿಯುವುದರಿಂದ, ನಷ್ಟವೂ ಇರುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹಿಟ್ಟು ಉಬ್ಬುವ ತನಕ ಕಾಯುವ ದೋಸೆ ಮಾಡುವವರ ತಾಳ್ಮೆ ಇಲ್ಲಿ ಬೇಕು.

ಚಾರ್ಜರ್‌ಗಳನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಹೊಂದಿಸಿರುತ್ತಾರೆ. ಅಲ್ಲಿ 14.4 ವೋಲ್ಟ್ ಸರಿಯೆನಿಸಿದರೆ, 40 ಡಿಗ್ರಿಯ ಶೆಡ್ಡಿನಲ್ಲಿ ಸುಮಾರು 14 ಸಾಕು. ಉಷ್ಣಾಂಶಕ್ಕೆ ತಕ್ಕಂತೆ ವೋಲ್ಟೇಜ್ ತಗ್ಗಿಸುವ ಚಾರ್ಜರ್‌ಗೆ ಇನ್ನಷ್ಟು ಕಾಸು ಕೊಡುವುದು ದುಂದಲ್ಲ. ತುಂಬುತ್ತಾ ಬಂದಂತೆ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟಾದರೂ ಕಿಡಿ ತಗುಲಿದರೆ ಸ್ಫೋಟ. ಆದ್ದರಿಂದ ಬಾಗಿಲು ತೆರೆದಿಟ್ಟು, ಬೀಡಿ ಹೊರಗಿಟ್ಟು, ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ ತೆಗೆಯಬೇಕು.

24 ವೋಲ್ಟಿನ ಲಾರಿಗಳಲ್ಲಿ 12ರ ಎರಡು ಬ್ಯಾಟರಿಗಳು ಸರಣಿಯಲ್ಲಿರುತ್ತವೆ. ಟೇಪ್ ರೆಕಾರ್ಡರಿಗೋ, ಫ್ಯಾನಿಗೋ ಒಂದರಿಂದ ಮಾತ್ರ 12 ವೋಲ್ಟ್ ಎಳೆದುಕೊಳ್ಳುವುದು ಡ್ರೈವರುಗಳ ಹಳೆಯ ಚಾಳಿ. ಹಾಡು ಕೇಳಿದ ಬ್ಯಾಟರಿ ಬಡಕಲಾಗುತ್ತದೆ, ಪಕ್ಕದ್ದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ. ಒಂದು ಕೆಟ್ಟಾಗ ಒಂದನ್ನೇ ಬದಲಿಸಿದರೂ ಇದೇ ಪಾಡು. ಜೋಡಿಯಾಗಿಯೇ ತರಬೇಕು, ಒಂದೇ ಕಂಪನಿ, ಒಂದೇ ವಯಸ್ಸು.

ನಿಲ್ಲಿಸಿಡುವ ಲಾರಿಗೆ ಬ್ಯಾಟರಿ ಬೇರ್ಪಡಿಸುವ ಸ್ವಿಚ್ ಹಾಕಿಸಿ, ತಿಂಗಳಿಗೊಮ್ಮೆ ವೋಲ್ಟ್ ನೋಡಿ, 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿದರೆ ಸಾಕು. ಸತ್ತ ಬ್ಯಾಟರಿಯನ್ನು ಗುಜರಿಯ ತಳ್ಳುಗಾಡಿಗೆ ಕೊಡುವ ಬದಲು ಹೊಸದು ಕೊಳ್ಳುವ ಅಂಗಡಿಗೇ ಮರಳಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹಳೆಯದರ ಸೀಸಕ್ಕೆ ಅಂಗಡಿಯವರು ಬೆಲೆ ಕಟ್ಟಿ ಹೊಸದರ ಬಿಲ್ಲಿನಲ್ಲಿ ಕಳೆಯುವುದೂ ಇದೆ.