ಮ್ಯಾನೇಜರನೂ ಎಳೆಯ ಆಟಗಾರರೂ

ಕಾಲ್ಚೆಂಡಾಟದ ಅಭಿಮಾನಿಗಳು ಇಬ್ಬರು ಒಂದೆಡೆ ಸೇರಿದರೆ ಮಾತಿಗೆ ಬರವಿಲ್ಲ. ಮೂವರು ಸೇರಿದರೆ ಜಗಳಕ್ಕೂ ಬರವಿಲ್ಲ. ಆ ಜಗಳಗಳಲ್ಲಿ ಬಹು ಹಳೆಯದೂ ಎಂದೂ ಮುಗಿಯದುದೂ ಆದುದೊಂದಿದೆ: ತಂಡದ ಮ್ಯಾನೇಜರು ಎಳೆಯ ಆಟಗಾರರಿಗೆ ಸಾಕಷ್ಟು ಅವಕಾಶ ಕೊಡುತ್ತಿದ್ದಾನೆಯೇ, ಇಲ್ಲವೇ? ತಂಡ ಸೋತ ದಿನ "ಆ ಹುಡುಗನನ್ನು ಏಕೆ ಇಳಿಸಲಿಲ್ಲ?" ಎಂದು ಕೇಳುವವರೇ, ಹುಡುಗ ಆಡಿ ತಂಡ ಸೋತ ದಿನ "ಇಂಥ ಪಂದ್ಯಕ್ಕೆ ಹಾಲುಗಲ್ಲದವನನ್ನು ಇಳಿಸುವುದೇ?" ಎಂದು ಕೇಳುತ್ತಾರೆ. ಶನಿವಾರ ಸಂಜೆ ಇಂಗ್ಲೆಂಡಿನ ಪಂದ್ಯಗಳನ್ನು ನೋಡುವ ನಮ್ಮ ವಿದ್ಯಾರ್ಥಿಮಿತ್ರರಿಗೆ ಈ ವಾದ ಹೊಸದಲ್ಲ. ನೋಡದಿರುವ ಅಧ್ಯಾಪಕ ವರ್ಗಕ್ಕೂ ಇದು ತೀರ ಅಪರಿಚಿತವೇನೂ ಅಲ್ಲ. ಭಾರತದ ಕ್ರಿಕೆಟ್ ತಂಡದ ಆಯ್ಕೆ ಪ್ರಕಟವಾದ ಮರುದಿನ ಅವರ ಕೊಠಡಿಯಲ್ಲಿ ನಡೆಯುವ ಚರ್ಚೆಯೂ ಇದೇ ಜಾತಿಯದು.

ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ ಮ್ಯಾನೇಜರನೆಂದರೆ ಲೆಕ್ಕಪತ್ರ ನೋಡುವ ಅಧಿಕಾರಿಯಲ್ಲ. ಆಟಗಾರರನ್ನು ಪಳಗಿಸುವವನು, ಪಂದ್ಯಕ್ಕೆ ಹನ್ನೊಂದು ಮಂದಿಯನ್ನು ಆರಿಸುವವನು, ಸೋತರೆ ಕೆಲಸ ಕಳೆದುಕೊಳ್ಳುವವನು ಆತನೇ. ಅಲ್ಲಿಯ ದೊಡ್ಡ ಕ್ಲಬ್ಬುಗಳಲ್ಲಿ ಅಕಾಡೆಮಿ ಎಂಬ ತರಬೇತಿ ಶಾಲೆಯೊಂದು ಇರುತ್ತದೆ. ಆರೇಳು ವರ್ಷದ ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. ಬೆಳೆಯುತ್ತ ಹೋದಂತೆ ಕೆಲವರನ್ನು ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳುಹಿಸುತ್ತಾರೆ. ಹದಿನೆಂಟನೆಯ ವಯಸ್ಸಿನವರೆಗೆ ಜರಡಿಯಲ್ಲಿ ನಿಂತ ಹುಡುಗ ಆ ವೇಳೆಗೆ ತನ್ನ ಬಾಳಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಅದೊಂದೇ ಅಂಗಳದಲ್ಲಿ ಕಳೆದಿರುತ್ತಾನೆ. ಹಿರಿಯರ ತಂಡದ ಬಾಗಿಲು ತೆರೆಯದಿದ್ದರೆ ಅಷ್ಟು ವರ್ಷದ ಶ್ರಮವನ್ನು ಹೊತ್ತುಕೊಂಡು ಆತ ಬೇರೆ ಊರು ಹುಡುಕಬೇಕು. ಆದುದರಿಂದ ಅಭಿಮಾನಿಗಳ ಈ ಜಗಳವನ್ನು ಬರಿಯ ಬಾಯಿಚಪಲವೆಂದು ತಳ್ಳಿಹಾಕುವಂತಿಲ್ಲ.

ವಿಷಯವನ್ನು ಗಾಳಿಯಲ್ಲಿ ಚರ್ಚಿಸಿ ಫಲವಿಲ್ಲವಾದುದರಿಂದ ಲಂಡನ್ ನಗರದ ಚೆಲ್ಸಿ ಕ್ಲಬ್ಬಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದನ್ನೇ ಆರಿಸಲು ಕಾರಣವಿದೆ. ಇಲ್ಲಿ ಒಂದು ವರ್ಷದ ಮಟ್ಟಿಗೆ ಪ್ರಯೋಗವೊಂದು ತಾನಾಗಿಯೇ ನಡೆದುಹೋಯಿತು. ನಮ್ಮದು ಕಲಾ ಕಾಲೇಜಾದರೂ ಪ್ರಯೋಗವೆಂದರೇನೆಂಬುದು ನಮಗೂ ಅಷ್ಟಿಷ್ಟು ಗೊತ್ತಿದೆ.

ಇಂಗ್ಲೆಂಡಿನಲ್ಲಿ ಹದಿನೆಂಟರೊಳಗಿನವರಿಗಾಗಿ ಎಫ್. ಎ. ಯೂತ್ ಕಪ್ ಎಂಬ ಪಂದ್ಯಾವಳಿಯಿದೆ. ಚೆಲ್ಸಿಯ ಹುಡುಗರು ಇದನ್ನು 2010 ರಲ್ಲಿಯೂ 2012 ರಲ್ಲಿಯೂ ಗೆದ್ದು, ಮತ್ತೆ 2014 ರಿಂದ 2018 ರ ವರೆಗೆ ಸತತವಾಗಿ ಐದು ಸಲ ಗೆದ್ದರು. ದೇಶದಲ್ಲಿ ತಮ್ಮ ವಯಸ್ಸಿನವರಲ್ಲಿ ತಮಗೆ ಸಾಟಿಯಿಲ್ಲವೆಂದು ಇಷ್ಟು ಸಲ ರುಜುವಾತುಪಡಿಸಿದ ಹುಡುಗರು ಹಿರಿಯರ ತಂಡದಲ್ಲಿ ತುಂಬಿರಬೇಕಲ್ಲವೇ? ಆದರೆ 1998 ರಲ್ಲಿ ಮೊದಲ ಪಂದ್ಯವಾಡಿ ಮುಂದೆ ನಾಯಕನಾದ ಜಾನ್ ಟೆರ್ರಿಯ ತರುವಾಯ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಬೇರೂರಿದ ಮನೆಯ ಹುಡುಗರನ್ನು ಕೈಬೆರಳುಗಳಲ್ಲಿ ಎಣಿಸಿದರೆ ಬೆರಳುಗಳೇ ಮಿಗುತ್ತವೆ.

ಇದಕ್ಕೆ ಮ್ಯಾನೇಜರುಗಳನ್ನು ದೂರುವುದು ಸುಲಭ, ಅಭಿಮಾನಿಗಳು ದೂರಿದರು ಕೂಡ. ಆದರೆ ಮ್ಯಾನೇಜರಿನ ಕುರ್ಚಿಯ ಸ್ಥಿತಿಯನ್ನೂ ಸ್ವಲ್ಪ ನೋಡಬೇಕು. 2003 ರಲ್ಲಿ ರಷ್ಯದ ಧನಿಕ ರೋಮನ್ ಅಬ್ರಮೊವಿಚ್ ಈ ಕ್ಲಬ್ಬನ್ನು ಕೊಂಡರು. 2010 ರಲ್ಲಿ ಲೀಗನ್ನೂ ಎಫ್. ಎ. ಕಪ್ಪನ್ನೂ ಒಟ್ಟಿಗೆ ಗೆದ್ದುಕೊಟ್ಟ ಆನ್ಸೆಲೊಟ್ಟಿಯವರನ್ನು ಮರುವರ್ಷ ಮನೆಗೆ ಕಳುಹಿಸಲಾಯಿತು. 2012 ರ ಮೇ ತಿಂಗಳಲ್ಲಿ ಯೂರೋಪಿನ ಅತ್ಯುನ್ನತ ಕಪ್ಪನ್ನು ಮೊಟ್ಟಮೊದಲು ತಂದ ಡಿ ಮಟೇಯೊ ಅದೇ ನವೆಂಬರಿನಲ್ಲಿ ಕೆಲಸ ಕಳೆದುಕೊಂಡರು. ಮೊರಿನ್ಯೊ 2015 ರ ಮೇಯಲ್ಲಿ ಲೀಗ್ ಗೆದ್ದರು, ಡಿಸೆಂಬರಿನಲ್ಲಿ ಹೊರಬಿದ್ದರು. ಗೆದ್ದವರ ಪಾಡೇ ಇದಾದರೆ ಸೋತವರ ಗತಿಯೇನು? ಹದಿನೆಂಟರ ಹುಡುಗ ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ಪಕ್ವವಾಗಲು ಎರಡು ಮೂರು ವರ್ಷ ಬೇಕು. ಕುರ್ಚಿಯ ಆಯಸ್ಸು ಅಷ್ಟಿಲ್ಲ. ಮಾವಿನ ಸಸಿ ನೆಟ್ಟು, ನೀರೆರೆದು, ಹಣ್ಣನ್ನು ಮುಂದಿನ ಗೇಣಿದಾರನಿಗೆ ಬಿಟ್ಟುಹೋಗುವ ಒಕ್ಕಲು ಎಷ್ಟು ಮಂದಿ? ಇಪ್ಪತ್ತೇಳು ವರ್ಷದ ಸಿದ್ಧ ಆಟಗಾರನನ್ನು ಹಣ ಕೊಟ್ಟು ತರುವುದೇ ಅಲ್ಲಿ ಜಾಣತನವಾಯಿತು.

ಹುಡುಗರನ್ನು ಏನು ಮಾಡುವುದು? ಬೇರೆ ಕ್ಲಬ್ಬುಗಳಿಗೆ ವರ್ಷದ ಮಟ್ಟಿಗೆ ಎರವಲು ಕೊಡುವುದು. ಚೆಲ್ಸಿ ಇದನ್ನು ಒಂದು ಉದ್ಯಮವನ್ನಾಗಿಯೇ ಮಾಡಿತು. ಒಂದೊಂದು ವರ್ಷ ಮೂವತ್ತಕ್ಕೂ ಹೆಚ್ಚು ಮಂದಿ ಎರವಲಿನ ಮೇಲೆ ಹೊರಗಿರುತ್ತಿದ್ದರು. "ಅನುಭವವಿಲ್ಲದವನನ್ನು ಆಡಿಸಲಾರೆವು" ಎಂಬುದು ಕ್ಲಬ್ಬಿನ ಮಾತು, "ಆಡಿಸದಿದ್ದರೆ ಅನುಭವ ಎಲ್ಲಿಂದ ಬರಬೇಕು?" ಎಂಬುದು ಅಭಿಮಾನಿಗಳ ಮಾತು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ನಮ್ಮ ಗಾದೆ ಇದಕ್ಕೇ ಹೇಳಿದಂತಿದೆ.

ಈ ಜಗಳ ತಾರಕಕ್ಕೇರಿದುದು 2019 ರ ಆರಂಭದಲ್ಲಿ. ಆಗಿನ ಮ್ಯಾನೇಜರು ಇಟಲಿಯ ಮೌರಿಜಿಯೊ ಸರ್ರಿ. ಕ್ಯಾಲಂ ಹಡ್ಸನ್-ಒಡೋಯ್ ಎಂಬ ಹದಿನೆಂಟರ ಹುಡುಗನನ್ನು ಅವರು ಕಪ್ ಪಂದ್ಯಗಳಲ್ಲಿ ಆಡಿಸುತ್ತಿದ್ದರು. ಲೀಗ್ ಪಂದ್ಯಗಳಲ್ಲಿ ಮಾತ್ರ ಆರಂಭದಿಂದ ಇಳಿಸುತ್ತಿರಲಿಲ್ಲ. ಜನವರಿಯಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ಕ್ಲಬ್ಬು ಅವನನ್ನು ಕೊಳ್ಳಲು ಬಂದಿತು. ತನ್ನ ಮನೆಯಲ್ಲಿ ಬೆಲೆಯಿಲ್ಲದವನಿಗೆ ಯೂರೋಪಿನ ಇಂಥ ದೊಡ್ಡ ಮನೆಯಿಂದ ಕರೆ! ಚೆಲ್ಸಿ ಮಾರಲೊಪ್ಪಲಿಲ್ಲ. ಮಾರ್ಚ್ ತಿಂಗಳಲ್ಲಿ ಇನ್ನೂ ವಿಚಿತ್ರವೊಂದು ನಡೆಯಿತು. ಕ್ಲಬ್ಬಿಗಾಗಿ ಒಂದೇ ಒಂದು ಲೀಗ್ ಪಂದ್ಯವನ್ನೂ ಮೊದಲಿನಿಂದ ಆಡಿರದ ಈ ಹುಡುಗ ಇಂಗ್ಲೆಂಡ್ ದೇಶದ ತಂಡದ ಪರವಾಗಿ ಆಡಿದನು. ಅಭಿಮಾನಿಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಏಪ್ರಿಲ್ ಆರಂಭದಲ್ಲಿ ಸರ್ರಿ ಕೊನೆಗೂ ಅವನನ್ನು ಲೀಗ್ ಪಂದ್ಯಕ್ಕೆ ಮೊದಲಿನಿಂದ ಇಳಿಸಿದರು. ಅದೇ ತಿಂಗಳಲ್ಲಿ ಹುಡುಗನ ಹಿಮ್ಮಡಿಯ ಸ್ನಾಯುರಜ್ಜು ಹರಿದು ಆ ವರ್ಷದ ಆಟವೇ ಮುಗಿದುಹೋಯಿತು.

ಸರ್ರಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಆ ವರ್ಷ ಅವರ ತಂಡ ಲೀಗಿನಲ್ಲಿ ಮೂರನೆಯ ಸ್ಥಾನ ಪಡೆದು ಯೂರೋಪಾ ಲೀಗನ್ನೂ ಗೆದ್ದಿತು. ಹುಡುಗನ ಸ್ಥಾನದಲ್ಲಿ ಆಡುತ್ತಿದ್ದವರು ಕಸುಬು ಬಲ್ಲವರೇ. ಕೊಟ್ಟ ಕೆಲಸವನ್ನು ಕೊಟ್ಟ ಅವಧಿಯಲ್ಲಿ ಮಾಡಿದ ಮನುಷ್ಯನನ್ನು ದ್ರೋಹಿಯೆನ್ನುವುದು ಹೇಗೆ?

ಇನ್ನು ಪ್ರಯೋಗದ ವಿಷಯ. ಅನ್ಯದೇಶಗಳ ಅಪ್ರಾಪ್ತ ಬಾಲಕರನ್ನು ನೋಂದಾಯಿಸಿಕೊಳ್ಳುವ ನಿಯಮಗಳನ್ನು ಮುರಿದುದಕ್ಕಾಗಿ ಫಿಫಾ ಸಂಸ್ಥೆಯು 2019 ರ ಫೆಬ್ರವರಿಯಲ್ಲಿ ಚೆಲ್ಸಿಗೆ ದಂಡ ವಿಧಿಸಿತು: ಎರಡು ವರ್ಗಾವಣೆ ಅವಧಿಗಳ ಕಾಲ ಹೊಸ ಆಟಗಾರರನ್ನು ಸೇರಿಸಿಕೊಳ್ಳಕೂಡದು. (ಡಿಸೆಂಬರಿನಲ್ಲಿ ಮೇಲ್ಮನವಿಯ ಮೇಲೆ ಇದನ್ನು ಒಂದು ಅವಧಿಗೆ ಇಳಿಸಿದರು.) ಅದೇ ಬೇಸಗೆಯಲ್ಲಿ ತಂಡದ ರತ್ನವಾಗಿದ್ದ ಹಜಾರ್ಡ್ ಸ್ಪೇನಿಗೆ ಹೊರಟುಹೋದನು. ಸರ್ರಿಯೂ ಹೊರಟರು. ಕ್ಲಬ್ಬಿನ ಹಳೆಯ ಆಟಗಾರ ಫ್ರಾಂಕ್ ಲ್ಯಾಂಪಾರ್ಡ್ ಮ್ಯಾನೇಜರಾಗಿ ಬಂದರು. ಹಣವಿದ್ದೂ ಕೊಳ್ಳುವಂತಿಲ್ಲ, ಅಟ್ಟದ ಮೇಲಿನ ಪಾತ್ರೆಗಳನ್ನೇ ಇಳಿಸಿ ತೊಳೆಯಬೇಕಾಯಿತು. ಮೇಸನ್ ಮೌಂಟ್, ಟ್ಯಾಮಿ ಏಬ್ರಹಾಂ, ಫಿಕಾಯೊ ಟೊಮೊರಿ, ರೀಸ್ ಜೇಮ್ಸ್ ಇವರೆಲ್ಲ ಎಳವೆಯಿಂದ ಅಲ್ಲಿಯೇ ಬೆಳೆದು, ಹಿಂದಿನ ವರ್ಷ ಎರವಲಿನ ಮೇಲೆ ಹೊರಗಿದ್ದವರು.

ಮೊದಲ ಲೀಗ್ ಪಂದ್ಯದಲ್ಲಿಯೇ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 4-0 ಸೋಲು. ಮೂರು ದಿನಗಳ ತರುವಾಯ ಇಸ್ತಾಂಬುಲಿನಲ್ಲಿ ಲಿವರ್‌ಪೂಲ್ ಎದುರು ಸೂಪರ್ ಕಪ್ ಪಂದ್ಯ. ಸಮವಾಗಿ ಮುಗಿದು ಪೆನಾಲ್ಟಿಗಳಿಗೆ ಹೋಯಿತು. ಕೊನೆಯ ಹೊಡೆತ ಏಬ್ರಹಾಮನದು. ಗೋಲಿ ಅದನ್ನು ತಡೆದನು, ಕಪ್ ಹೋಯಿತು. ಆ ರಾತ್ರಿ ಇಪ್ಪತ್ತೊಂದರ ಆ ಹುಡುಗನ ಮೇಲೆ ಅವನ ಮೈಬಣ್ಣವನ್ನು ಹಿಡಿದು ಸುರಿದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಮ್ಯಾನೇಜರಿನ ನಿಜವಾದ ಪರೀಕ್ಷೆ ಇಂಥ ಹೊತ್ತಿನಲ್ಲಿ. ಹತ್ತು ದಿನಗಳ ಮೇಲೆ ನಾರ್ವಿಚ್‌ನಲ್ಲಿ ಲ್ಯಾಂಪಾರ್ಡ್ ಅವನನ್ನು ಮತ್ತೆ ಮೊದಲಿನಿಂದ ಆಡಿಸಿದರು. ಆತ ಎರಡು ಗೋಲು ಹೊಡೆದನು, ಮೌಂಟ್ ಒಂದು ಹೊಡೆದನು, ಚೆಲ್ಸಿ 3-2 ರಿಂದ ಗೆದ್ದಿತು. ಸೆಪ್ಟೆಂಬರಿನಲ್ಲಿ ವುಲ್ವ್ಸ್ ಎದುರು 5-2 ಗೆಲುವು: ಏಬ್ರಹಾಂ ಮೂರು, ಟೊಮೊರಿ ಒಂದು, ಮೌಂಟ್ ಒಂದು, ಐದಕ್ಕೆ ಐದೂ ಮನೆಯ ಹುಡುಗರದೇ. ವರ್ಷದ ಕೊನೆಗೆ ತಂಡ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಸರ್ರಿಯ ವರ್ಷಕ್ಕಿಂತ ಒಂದೇ ಮೆಟ್ಟಿಲು ಕೆಳಗೆ.

ಅವಕಾಶವೆಂಬ ಮಾತಿನ ಅರ್ಥ ಇಲ್ಲಿ ತಿಳಿಯಾಗುತ್ತದೆಂದು ನನಗೆ ತೋರುತ್ತದೆ. ಅಭಿಮಾನಿಗಳು ವಾದಿಸುವಾಗ ನಿಮಿಷಗಳನ್ನು ಲೆಕ್ಕ ಹಾಕುತ್ತಾರೆ: ಇಂಥವನು ಇಷ್ಟು ಪಂದ್ಯಗಳಲ್ಲಿ ಇಷ್ಟು ನಿಮಿಷ ಆಡಿದನು. ಮೂರು ಗೋಲು ಮುಂದಿರುವಾಗ ಕೊನೆಯ ಐದು ನಿಮಿಷ ಬದಲಿಯಾಗಿ ಇಳಿದುದೂ ಆ ಲೆಕ್ಕದಲ್ಲಿ ಸೇರುತ್ತದೆ. ಆದರೆ ಹುಡುಗನಿಗೆ ಬೇಕಾದುದು ಎಡವಿದ ಮುಂದಿನ ವಾರದ ಪಂದ್ಯ. ಒಂದು ತಪ್ಪಿಗೆ ಜಾಗ ಹೋಗುವುದೆಂದು ತಿಳಿದವನು ಚೆಂಡನ್ನು ಹಿಂದಕ್ಕೋ ಪಕ್ಕಕ್ಕೋ ತಳ್ಳಿ ಮಾನ ಉಳಿಸಿಕೊಳ್ಳುತ್ತಾನೆಯೇ ಹೊರತು ಎದುರಾಳಿಯನ್ನು ದಾಟಿಹೋಗುವ ಸಾಹಸಕ್ಕೆ ಕೈಹಾಕುವುದಿಲ್ಲ. ಆಗ ಅದೇ ಪ್ರೇಕ್ಷಕರು "ಇವನಲ್ಲಿ ಏನೂ ಇಲ್ಲ" ಎನ್ನುತ್ತಾರೆ.

ಹುಡುಗರ ಪಕ್ಷದವರು ತಪ್ಪದೆ ಎತ್ತುವ ಇನ್ನೊಂದು ಉದಾಹರಣೆಯಿದೆ. 1995 ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಸ್ಟನ್ ವಿಲ್ಲಾ ಎದುರು 3-1 ರಿಂದ ಸೋತಿತು. ಮಕ್ಕಳನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದೆಂದು ಆ ರಾತ್ರಿ ಹಳೆಯ ಆಟಗಾರ ಅಲನ್ ಹ್ಯಾನ್ಸನ್ ಟೆಲಿವಿಷನ್ನಿನಲ್ಲಿ ತೀರ್ಪಿತ್ತರು. ಆ "ಮಕ್ಕಳು" ಬೆಕ್ಹ್ಯಾಮ್, ಸ್ಕೋಲ್ಸ್, ಬಟ್, ನೆವಿಲ್ ಸೋದರರು. ಮರುವರ್ಷದ ಮೇ ವೇಳೆಗೆ ಅವರು ಲೀಗನ್ನೂ ಕಪ್ಪನ್ನೂ ಗೆದ್ದರು. ಕಥೆ ಸೊಗಸಾಗಿದೆ. ಆದರೆ ಹುಡುಗರ ಸುತ್ತ ಷ್ಮೈಕೆಲ್, ಬ್ರೂಸ್, ಪ್ಯಾಲಿಸ್ಟರ್, ಇರ್ವಿನ್, ಕೀನ್ ಮತ್ತು ಅಕ್ಟೋಬರಿನಲ್ಲಿ ನಿಷೇಧ ಮುಗಿಸಿ ಬಂದ ಕಾಂಟೊನಾ ಇದ್ದರೆಂಬುದನ್ನು ಹೇಳುವವರು ಕಡಮೆ. ಮ್ಯಾನೇಜರ್ ಫರ್ಗುಸನ್ 1986 ರಿಂದ ಅದೇ ಕುರ್ಚಿಯಲ್ಲಿದ್ದು, 1993 ಮತ್ತು 1994 ರಲ್ಲಿ ಲೀಗ್ ಗೆದ್ದು, ಒಂದು ಸೋಲಿಗೆ ಅಲುಗದಷ್ಟು ಭದ್ರವಾಗಿದ್ದರೆಂಬುದನ್ನು ಹೇಳುವವರು ಇನ್ನೂ ಕಡಮೆ.

ಚೆಲ್ಸಿಗೆ ಮರಳೋಣ. 2020 ರ ಬೇಸಗೆಯಲ್ಲಿ ಕ್ಲಬ್ಬು ಇಪ್ಪತ್ತು ಕೋಟಿ ಪೌಂಡಿಗೂ ಮೀರಿ ಸುರಿದು ವೆರ್ನರ್, ಹಾವರ್ಟ್ಸ್ ಮೊದಲಾದವರನ್ನು ತಂದಿತು. ಮ್ಯಾನೇಜರು ಅದೇ ಲ್ಯಾಂಪಾರ್ಡ್, ಹುಡುಗರೂ ಅವರೇ. ಮೌಂಟ್ ಮತ್ತು ಜೇಮ್ಸ್ ತಮ್ಮ ಜಾಗ ಉಳಿಸಿಕೊಂಡರು. ಟೊಮೊರಿ ಮೂಲೆಗೆ ಸರಿದು 2021 ರ ಜನವರಿಯಲ್ಲಿ ಇಟಲಿಯ ಮಿಲಾನಿಗೆ ಎರವಲು ಹೋದನು. ಹುಡುಗರ ಬಂಧುವೆನಿಸಿದ್ದ ಮ್ಯಾನೇಜರಿನ ಹೃದಯ ಒಂದು ವರ್ಷದಲ್ಲಿ ಕಲ್ಲಾಯಿತೇ? ಬದಲಾದುದು ಅವರ ಮುಂದಿದ್ದ ಆಯ್ಕೆಗಳು ಮಾತ್ರ. ಅದೇ ಜನವರಿಯಲ್ಲಿ ಅವರನ್ನೂ ತೆಗೆದುಹಾಕಿದರು. ಅವರ ಜಾಗಕ್ಕೆ ಟೂಕೆಲ್ ಬಂದು, ಮೇ ತಿಂಗಳಲ್ಲಿ ಪೋರ್ಟೊ ನಗರದಲ್ಲಿ ಯೂರೋಪಿನ ಕಪ್ ಗೆದ್ದರು. ಏಕೈಕ ಗೋಲನ್ನು ಹೊಡೆದವನು ಕೊಂಡುತಂದ ಹಾವರ್ಟ್ಸ್, ಅದಕ್ಕೆ ಚೆಂಡು ಒದಗಿಸಿದವನು ಮನೆಯ ಮೌಂಟ್.

ಈಚಿನ ವರ್ಷಗಳಲ್ಲಿ ಈ ಜಗಳಕ್ಕೆ ಲೆಕ್ಕಪತ್ರದ ಮುಖವೂ ಬಂದಿದೆ. ಕೊಂಡ ಆಟಗಾರನ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. ಮನೆಯಲ್ಲಿ ಬೆಳೆದವನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ. ಆದುದರಿಂದ ಅವನನ್ನು ಮಾರಿದರೆ ಬಂದ ಹಣವೆಲ್ಲ ಆ ವರ್ಷವೇ ಲಾಭ. ಕ್ಲಬ್ಬುಗಳ ನಷ್ಟಕ್ಕೆ ಮಿತಿ ಹಾಕುವ ನಿಯಮದ ಕೆಳಗೆ ಇದು ದೊಡ್ಡ ಆಕರ್ಷಣೆಯಾಯಿತು. ಟೊಮೊರಿ ಮಿಲಾನಿನಲ್ಲಿಯೇ ನಿಂತು 2022 ರಲ್ಲಿ ಇಟಲಿಯ ಲೀಗ್ ಗೆದ್ದನು. ಏಬ್ರಹಾಂ 2021 ರಲ್ಲಿ ರೋಮಾ ಕ್ಲಬ್ಬಿಗೆ ಹೋದನು. ಅಭಿಮಾನಿಗಳು 2021 ರಲ್ಲಿಯೂ 2022 ರಲ್ಲಿಯೂ ವರ್ಷದ ಆಟಗಾರನೆಂದು ಮತ ಹಾಕಿ ಆರಿಸಿದ ಮೌಂಟ್, 2023 ರ ಜುಲೈ ತಿಂಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಮಾರಾಟವಾದನು. ಆ ವೇಳೆಗೆ ಅವನು ಚೆಲ್ಸಿಯ ಹಿರಿಯರ ತಂಡಕ್ಕೆ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದ್ದನು. ಅವಕಾಶ ಸಿಗಲಿಲ್ಲವೆಂದು ಅವನ ವಿಷಯದಲ್ಲಿ ಯಾರೂ ಹೇಳುವಂತಿರಲಿಲ್ಲ.